‘ಮರು’ ನಂತರದ ಎರಡು ಚುಕ್ಕೆ

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನನ್ನ ನಾದಿನಿ ಬಾಗಿಲು ತಟ್ಟದೆ ಒಳಗೆ ಬಂದಳು. ಊಟದ ಮೇಜಿನ ಮೇಲೆ ಹರಡಿಕೊಂಡಿದ್ದ ನನ್ನ ಒಣ ಎಲೆಗಳನ್ನು ಎರಡೇ ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಒಂದು ಬಿಳಿ ಲಕೋಟೆ ಇಟ್ಟಳು. ಮನೆಯಲ್ಲಿ ಅವಳನ್ನು ಎಲ್ಲರೂ ಮಿಲ್ಲಿ ಅನ್ನುತ್ತಾರೆ. ಅವಳು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ, ಕಾಫಿಗೆ ಹಾಲು ಹಾಕುವಾಗಲೂ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆ ಹುಡುಕುತ್ತಾಳೆ. ಮಿಲ್ಲಿಲೀಟರಿನಿಂದ ಆ ಹೆಸರು ತೆಗೆದವರು ಅವಳ ಅಣ್ಣ, ಅಂದರೆ ನಮ್ಮ ಮನೆಯವರು.

ಲಕೋಟೆಯಲ್ಲಿದ್ದದ್ದು ಲ್ಯಾಬಿನ ನಿರ್ದೇಶಕಿಯ ಪತ್ರ. ಆಸ್ಪತ್ರೆಯ ಡಯಾಲಿಸಿಸ್ ಘಟಕಕ್ಕೆ ಮರುಪರೀಕ್ಷಾ ವರದಿಯನ್ನು ಸಕಾಲದಲ್ಲಿ ಕಳಿಸಿಲ್ಲವೆಂದು ದೂರು ಬಂದಿದೆ, ಮಂಗಳವಾರ ಹನ್ನೊಂದು ಗಂಟೆಗೆ ಬಂದು ವಿವರಣೆ ಕೊಡಬೇಕು, ಅಲ್ಲಿಯವರೆಗೆ ವರದಿಗಳಿಗೆ ಸಹಿ ಹಾಕುವ ಅಧಿಕಾರವನ್ನು ತಡೆಹಿಡಿಯಲಾಗಿದೆ. ಅಷ್ಟೇ, ನಾಲ್ಕು ಸಾಲು. ಮಿಲ್ಲಿ ಸಹಿಯಿಲ್ಲದೆ ಆ ಲ್ಯಾಬಿನಿಂದ ಒಂದು ಬಾಟಲಿ ನೀರಿನ ವರದಿಯೂ ಹೊರಗೆ ಹೋದದ್ದನ್ನು ನಾನು ಕಂಡಿಲ್ಲ. ಸಹಿ ಕಿತ್ತುಕೊಂಡರೆ ಅವಳ ಕೈಯಲ್ಲಿ ಉಳಿಯುವುದು ಬಾಟಲಿ ತೊಳೆಯುವ ಕೆಲಸ ಮಾತ್ರ. ಅದಕ್ಕಿಂತ ಹೆಚ್ಚಾಗಿ, ಕಳಿಸದೆ ಕಳಿಸಿದೆ ಎಂದವಳು ಎಂಬ ಹೆಸರು ಉಳಿಯುತ್ತದೆ.

ಆದದ್ದು ಇಷ್ಟು. ಡಯಾಲಿಸಿಸ್‌ಗೆ ಬಳಸುವ ನೀರನ್ನು ಈ ಲ್ಯಾಬು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತದೆ. ಈ ಸಲದ ಮೂರನೇ ಮಾದರಿಯಲ್ಲಿ ಬ್ಯಾಕ್ಟೀರಿಯಾ ಇರಬೇಕಾದ್ದಕ್ಕಿಂತ ಹೆಚ್ಚು ಕಂಡಿತು. ಮಿಲ್ಲಿ ವರದಿ ಕಳಿಸಿದಳು, ಆಸ್ಪತ್ರೆಯವರು ಆ ನೀರಿನ ಲೈನನ್ನು ಅಂದೇ ಮುಚ್ಚಿದರು, ಅದನ್ನು ನೆಚ್ಚಿಕೊಂಡಿದ್ದ ಒಂಬತ್ತು ರೋಗಿಗಳನ್ನು ವ್ಯಾನಿನಲ್ಲಿ ಇನ್ನೊಂದು ಆಸ್ಪತ್ರೆಗೆ ಕಳಿಸಲು ಶುರು ಮಾಡಿದರು. ಮರುದಿನ ಹೊಸದಾಗಿ ನೀರು ಹಿಡಿದು ತಂದರು. ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣಲು ಏಳು ದಿನ ಬೇಕು. ಅದಕ್ಕೆ ಅವಸರ ಮಾಡಿ ಪ್ರಯೋಜನವಿಲ್ಲ. ಏಳು ದಿನ ಕಳೆದ ಮೇಲೆ, ಸೋಮವಾರ, ನೀರು ಶುದ್ಧವಾಗಿದೆ ಎಂಬ ಮರುಪರೀಕ್ಷಾ ವರದಿ ಹೋಯಿತು. ಮೊದಲ ಸಲ ನೀರು ಹಿಡಿದವರು ನಲ್ಲಿಯ ಬಾಯಿಗೆ ಕೈ ತಾಗಿಸಿದ್ದಿರಬೇಕು ಎಂದು ಮಿಲ್ಲಿಯ ಅಂದಾಜು.

ಮಂಗಳವಾರ ಘಟಕದ ಮೇಲ್ವಿಚಾರಕ ಫೋನ್ ಮಾಡಿ ವರದಿ ಎಲ್ಲಿ ಎಂದ. ಕಳಿಸಿದ್ದೇನೆ ಎಂದಳು, ಅದನ್ನೇ ಇನ್ನೊಮ್ಮೆ ಕಳಿಸಿದಳು. ಬುಧವಾರ ಮತ್ತೆ ಫೋನು, ಮತ್ತೆ ಕಳಿಸಿದಳು. ಫಲಿತಾಂಶವನ್ನು ಬಾಯಿಮಾತಲ್ಲಿ ಹೇಳುವಂತಿಲ್ಲ, ಅದು ಲ್ಯಾಬಿನ ಕಟ್ಟುನಿಟ್ಟು. ಬಾಯಿಮಾತಲ್ಲಿ ಕೇಳಿ ಲೈನು ತೆರೆಯುವಂತಿಲ್ಲ, ಅದು ಆಸ್ಪತ್ರೆಯ ಕಟ್ಟುನಿಟ್ಟು. ಗುರುವಾರ ಅವನು ದೂರು ಬರೆದ. ಅಂದೇ ಮಧ್ಯಾಹ್ನ ಇವಳು ವರದಿಯನ್ನು ಮುದ್ರಿಸಿ, ಆಟೋ ಹಿಡಿದು ತಾನೇ ಹೋಗಿ ಅವನ ಮೇಜಿನ ಮೇಲೆ ಕುಕ್ಕಿ ಬಂದಳು.

“ಅತ್ತಿಗೆ, ನಾನು ಮೂರು ಸಲ ಕಳಿಸಿದ್ದೀನಿ. ಆ ಮನುಷ್ಯ ಒಂದೂ ಬಂದಿಲ್ಲ ಅಂತಾನೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದ್ದೀವಿ, ಇಲ್ಲಾ ನಿಮ್ಮ ಪ್ರೋಗ್ರಾಮು ಹೇಳ್ತಿದೆ.”

“ನನ್ನ ಪ್ರೋಗ್ರಾಮು ಪತ್ರ ಕಳೆಯಲ್ಲ, ಮಿಲ್ಲಿ.”

“ಕಳೆಯುತ್ತೆ ಅಂತ ನಾನೆಲ್ಲಿ ಅಂದೆ? ಸುಳ್ಳು ಹೇಳುತ್ತೆ ಅಂದೆ.”

ನನ್ನ ಪ್ರೋಗ್ರಾಮು ಅಂದರೆ ಪೂರ್ತಿ ನನ್ನದಲ್ಲ. ಕಾಲೇಜಿನ ಸಸ್ಯ ಸಂಗ್ರಹದಲ್ಲಿ ಒಣಗಿಸಿದ ಗಿಡಗಳಿಗೆ ಹೆಸರು, ಕುಲ ನೋಡಿ ಚೀಟಿ ಅಂಟಿಸುವುದು ನನ್ನ ಉದ್ಯೋಗ. ಬಿಡುವಿನಲ್ಲಿ, ಹನ್ನೊಂದು ವರ್ಷದಿಂದ, ಒಂದು ಮೇಲ್ ತಂತ್ರಾಂಶಕ್ಕೆ ಕೈ ಜೋಡಿಸುತ್ತೇನೆ. ಅದು ಮುಕ್ತ ತಂತ್ರಾಂಶ; ಯಾರು ಬೇಕಾದರೂ ಬಳಸಬಹುದು, ಒಳಗಿನ ಸಾಲುಗಳನ್ನು ತೆರೆದು ಓದಬಹುದು, ತಿದ್ದಬಹುದು. ಜಗತ್ತಿನ ಎಲ್ಲೆಲ್ಲೋ ಕೂತ ಮೂವತ್ತು ನಲವತ್ತು ಜನ, ಮುಖ ನೋಡದವರು, ಅದನ್ನು ಕಟ್ಟುತ್ತಿದ್ದೇವೆ. ಬಂದ ಮೇಲ್‌ಗಳಲ್ಲಿ ಯಾವುದು ಯಾವುದಕ್ಕೆ ಉತ್ತರ ಎಂದು ಗುರುತಿಸಿ ಒಂದೊಂದು ಸಂಭಾಷಣೆಯನ್ನು ಒಂದೊಂದು ಎಳೆಯಾಗಿ ಜೋಡಿಸುವ ಭಾಗ ನನ್ನ ಪಾಲಿನದು. ಅದರ ಕನ್ನಡ ಪದಗಳೂ ನನ್ನವೇ. ಮಿಲ್ಲಿಯ ಲ್ಯಾಬಿನಲ್ಲಿ ಅದನ್ನು ಹಾಕಿಕೊಟ್ಟವಳು ನಾನು. ಚೆನ್ನಾಗಿದೆ ಎಂದು ಆಸ್ಪತ್ರೆಯವರಿಗೆ ಹೇಳಿ ಹಾಕಿಸಿದವಳು ಮಿಲ್ಲಿ. ಹೀಗಾಗಿ ಕಳಿಸಿದ ಕಡೆಯೂ ನಾನೇ, ಬರಲಿಲ್ಲವೆಂದ ಕಡೆಯೂ ನಾನೇ.

ನಾನು ಗಾಬರಿಯಾಗಲಿಲ್ಲ. ಆ ಪ್ರೋಗ್ರಾಮಿನ ಮೂಲೆ ಮೂಲೆ ನನಗೆ ಗೊತ್ತು. ಕಳಿಸಿದ್ದು ಹೋಗದಿದ್ದರೆ ಎಚ್ಚರಿಕೆ ಕೆಂಪು ಅಕ್ಷರದಲ್ಲಿ ಬರುತ್ತದೆ, ಮಿಲ್ಲಿಗೆ ಬಂದಿಲ್ಲ, ಹಾಗಾದರೆ ಹೋಗಿದೆ. ಹೋದದ್ದು ಅಲ್ಲಿ ಎಲ್ಲೋ ಇರಲೇಬೇಕು. ಗಿಡದ ಹಾಳೆ ಬೀರುವಿನಲ್ಲಿ ಕಾಣುತ್ತಿಲ್ಲ ಅಂದರೆ ಹಾರಿಹೋಗಿದೆ ಅಂತಲ್ಲ, ಬೇರೆ ಕುಲದ ಕಟ್ಟಿನಲ್ಲಿ ಸೇರಿಕೊಂಡಿದೆ ಅಂತ. ನಾನು ಕಂಪ್ಯೂಟರ್ ತೆಗೆದು, ಎರಡು ಮೇಲ್‌ಗಳ ವಿಷಯದ ಸಾಲು ಏನಿತ್ತು, ಒಂದಕ್ಷರವೂ ಬಿಡದೆ ಹೇಳು ಎಂದೆ. ಮಿಲ್ಲಿ ಚೀಲದಿಂದ ನೋಟ್‌ಬುಕ್ ತೆಗೆದು ಓದಿದಳು. ಮೊದಲನೆಯದು: ‘ಪರೀಕ್ಷಾ ವರದಿ, ಡಯಾಲಿಸಿಸ್ ನೀರು, ಮಾದರಿ 3’. ಎರಡನೆಯದು: ‘ಮರುಪರೀಕ್ಷಾ ವರದಿ, ಡಯಾಲಿಸಿಸ್ ನೀರು, ಮಾದರಿ 3’. ಎರಡನೆಯದನ್ನು ಮೊದಲನೆಯದಕ್ಕೆ ಉತ್ತರವಾಗಿ ಕಳಿಸಿದೆಯಾ ಎಂದು ಕೇಳಿದೆ. ಹೊಸ ಪರೀಕ್ಷೆಗೆ ಹೊಸ ಪತ್ರ, ಹಳೆಯದರ ಬಾಲಕ್ಕೆ ಕಟ್ಟುವುದಿಲ್ಲ, ಅದು ತನ್ನ ಪದ್ಧತಿ ಎಂದಳು.

ಮೇಲ್ವಿಚಾರಕ ಮೊದಲ ವರದಿ ಬಂದ ಮೇಲೆ ಏನು ಮಾಡಿರಬಹುದು ಎಂದು ಯೋಚಿಸಿದೆ. ಆ ವರದಿಯ ಪ್ರತಿ ಆಸ್ಪತ್ರೆಯ ಹತ್ತಾರು ಜನಕ್ಕೆ ಹೋಗಿತ್ತು; ಎಲ್ಲರೂ ‘ಗಮನಿಸಲಾಗಿದೆ’, ‘ನೋಡಿದೆ’, ‘ವಂದನೆಗಳು’ ಎಂದು ಉತ್ತರ ಬರೆದಿರುತ್ತಾರೆ. ಇಂಥ ಗೌಜಿಗೆಂದೇ ನಾನು ಎರಡು ವರ್ಷದ ಹಿಂದೆ ‘ಮುಗಿಯಿತು’ ಎಂಬ ಒಂದು ಗುಂಡಿ ಮಾಡಿಕೊಟ್ಟಿದ್ದೆ. ಅದನ್ನು ಒತ್ತಿದರೆ ಆ ಸಂಭಾಷಣೆ ಕಣ್ಣಿಂದ ಮರೆಯಾಗುತ್ತದೆ. ಆಮೇಲೆ ಅದಕ್ಕೆ ಎಷ್ಟು ಉತ್ತರ ಬಂದರೂ ಸದ್ದಿಲ್ಲದೆ ಅದರೊಳಗೇ ಹೋಗಿ ಕೂರುತ್ತವೆ.

ನನಗೆ ನಾನೇ ಮೊದಲ ಸಾಲಿನ ಮೇಲ್ ಕಳಿಸಿಕೊಂಡೆ. ಬಂತು. ‘ಮುಗಿಯಿತು’ ಒತ್ತಿದೆ. ಎರಡನೇ ಸಾಲಿನ ಮೇಲ್ ಕಳಿಸಿದೆ. ಮಿಲ್ಲಿ ನನ್ನ ಭುಜದ ಹಿಂದೆ ನಿಂತು ನೋಡುತ್ತಿದ್ದಳು. ಪರದೆ ಖಾಲಿಯಾಗಿತ್ತು.

“ಬಂತಾ?”

“ಬಂದಿದೆ.”

“ಎಲ್ಲಿ?”

ನಾನು ಮರೆಯಾದ ಸಂಭಾಷಣೆಯನ್ನು ತೆರೆದು ತೋರಿಸಿದೆ. ಅಲ್ಲಿ, ಹಳೇ ವರದಿಯ ಕೆಳಗೆ, ಅದಕ್ಕೆ ಯಾರೋ ‘ವಂದನೆಗಳು’ ಎಂದು ಬರೆದ ಉತ್ತರದಂತೆ, ಹೊಸ ವರದಿ ತೆಪ್ಪಗೆ ಕೂತಿತ್ತು.

ಕಾರಣ ಹುಡುಕಲು ಹನ್ನೊಂದು ನಿಮಿಷ ಸಾಕಾಯಿತು. ಒಂದು ಮೇಲ್‌ಗೆ ಉತ್ತರ ಬರೆದಾಗ ಓದುವವರ ಕಣ್ಣಿಗೆ ಕಾಣದ ಕಡೆ ಮೂಲ ಮೇಲ್‌ನ ಗುರುತಿನ ಸಂಖ್ಯೆ ಸೇರಿಕೊಳ್ಳುತ್ತದೆ, ಮಗುವಿನ ಚೀಟಿಯಲ್ಲಿ ತಾಯಿಯ ಹೆಸರಿದ್ದ ಹಾಗೆ. ಅದಿದ್ದರೆ ಜೋಡಿಸುವುದು ಸುಲಭ. ಆದರೆ ಕೆಲವು ಫೋನುಗಳು, ಕೆಲವು ಕಚೇರಿಗಳ ವ್ಯವಸ್ಥೆಗಳು ಆ ಸಂಖ್ಯೆಯನ್ನು ದಾರಿಯಲ್ಲೇ ಬೀಳಿಸಿಬಿಡುತ್ತವೆ. ಅಂಥವಕ್ಕೆ ನಾವು ಒಂದು ಊಹೆ ಇಟ್ಟುಕೊಂಡಿದ್ದೆವು: ವಿಷಯದ ಸಾಲಿನ ಮುಂದೆ ‘ಇದು ಉತ್ತರ’ ಎಂದು ಸಾರುವ ಗುರುತಿದ್ದು, ಅದನ್ನು ಕಿತ್ತ ಮೇಲೆ ಉಳಿಯುವ ಸಾಲು ಹಳೇ ಸಾಲಿಗೆ ಹೊಂದಿದರೆ, ಎರಡನ್ನೂ ಸೇರಿಸು. ಇಂಗ್ಲಿಷಿನಲ್ಲಿ ಆ ಗುರುತು ‘Re’ ಮತ್ತು ಎರಡು ಚುಕ್ಕೆ. ಕನ್ನಡದಲ್ಲಿ ನಾನು ಇಟ್ಟದ್ದು ‘ಮರು’ ಮತ್ತು ಎರಡು ಚುಕ್ಕೆ. ಆ ಪದ ಹೊಳೆದ ದಿನ ನಾನು ಸಂತೋಷದಿಂದ ಊರೆಲ್ಲ ಹೇಳಿಕೊಂಡು ಬಂದಿದ್ದೆ.

ಆಮೇಲೆ ದೂರುಗಳು ಬಂದವು. ಕೆಲವು ಫೋನುಗಳು ಚುಕ್ಕೆಗಳನ್ನು ನುಂಗಿ ‘ಮರು ಸಭೆಯ ಸಮಯ’ ಎಂದು ಕಳಿಸುತ್ತಿದ್ದವು, ಸಂಭಾಷಣೆ ಚೂರುಚೂರಾಗುತ್ತಿತ್ತು. ಆರು ತಿಂಗಳ ಹಿಂದೆ ನಾನು ಪ್ರೋಗ್ರಾಮಿನಲ್ಲಿ ಆ ನಿಯಮದ ಸಾಲಿಗೆ ಎರಡು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದೆ. ಆ ಬರವಣಿಗೆಯಲ್ಲಿ ಅದರ ಅರ್ಥ, ಹಿಂದಿನದು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚುಕ್ಕೆಗೆ ಒಂದು, ಖಾಲಿ ಜಾಗಕ್ಕೆ ಇನ್ನೊಂದು. ಅಂದಿನಿಂದ ಪ್ರೋಗ್ರಾಮು ‘ಮರುಪರೀಕ್ಷಾ’ ಎಂಬ ಪದ ಕಂಡರೂ ‘ಮರು’ವನ್ನು ಕಿತ್ತು, ‘ಪರೀಕ್ಷಾ’ ಉಳಿಸಿಕೊಂಡು, ಓಹೋ ಇದು ಹಳೇ ಪರೀಕ್ಷೆಗೆ ಉತ್ತರ ಎಂದುಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ಇದೇ ತಪ್ಪು ಮಾಡಿದ್ದರೆ ರಿಪೋರ್ಟ್ ಎಂಬುದು ಪೋರ್ಟ್ ಆಗಿ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಕನ್ನಡಕ್ಕೆ ಪರೀಕ್ಷೆ ಮಾಡಿದವಳು ನಾನೊಬ್ಬಳೇ, ನನ್ನ ಮೇಲ್‌ಗಳ ಮೇಲೆ. ಗಿಡಗಳ ವಿಚಾರ ಬರೆಯುವವರು ಯಾರೂ ಮರುಪರೀಕ್ಷೆಯ ಮಾತೆತ್ತುವುದಿಲ್ಲ.

ಮುಕ್ತ ತಂತ್ರಾಂಶದಲ್ಲಿ ಒಂದು ಸೌಲಭ್ಯವಿದೆ: ಯಾವ ಸಾಲನ್ನು ಯಾರು, ಯಾವ ದಿನ ಬರೆದರು ಎಂದು ಕೇಳಿದರೆ ಹೇಳುತ್ತದೆ. ಗೊತ್ತಿದ್ದೂ ಕೇಳಿದೆ. ನನ್ನ ಹೆಸರು, ದಿನಾಂಕ, ಮುಂದೆ ನಾನೇ ಬರೆದ ಟಿಪ್ಪಣಿ: ಸಣ್ಣ ಸುಧಾರಣೆ.

ಮಿಲ್ಲಿಗೆ ಎಲ್ಲ ಹೇಳಿದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಕುರ್ಚಿ ಎಳೆದುಕೊಂಡು ಕೂತು, “ಹಾಗಾದ್ರೆ ಆ ಮನುಷ್ಯ ಸುಳ್ಳು ಹೇಳಿಲ್ಲ,” ಎಂದಳು. ನಾಲ್ಕು ದಿನದಿಂದ ಲ್ಯಾಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವನನ್ನು ಸುಳ್ಳುಬುರುಕ ಎಂದು ಹೇಳಿಕೊಂಡು ತಿರುಗಿದ್ದೇನೆ ಎಂದೂ ಸೇರಿಸಿದಳು.

ಅಷ್ಟರಲ್ಲಿ ನಮ್ಮ ಮನೆಯವರು ಕನ್ನಡಕದ ಅಂಗಡಿ ಮುಚ್ಚಿಕೊಂಡು ಬಂದರು. ಭಾನುವಾರ ಅವರಿಗೆ ಅರ್ಧ ದಿನ. ವಿಷಯ ಕೇಳಿ ಬಿದ್ದೂ ಬಿದ್ದೂ ನಕ್ಕರು. ಯಾರಾದರೂ ಮರುಮದುವೆಯ ಆಮಂತ್ರಣ ಕಳಿಸಿದರೆ ಅದು ಹಳೇ ಮದುವೆಯ ಪತ್ರದ ಜೊತೆ ಹೋಗಿ ಕೂತುಕೊಳ್ಳುತ್ತದೆ, ಆಮೇಲೆ ಆ ಮನೆಯ ಗತಿಯೇನು ಎಂದು ಕೇಳಿದರು. ಮರುಭೂಮಿಯೂ ಭೂಮಿಯಾಗುತ್ತದೆ, ಅದೊಂದು ಒಳ್ಳೇದೇ ಎಂದರು. ತಂಗಿಯ ಮುಖ ನೋಡಿ ನಗು ನಿಲ್ಲಿಸಿ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ತಾಂತ್ರಿಕ ದೋಷದಿಂದ ವಿಳಂಬವಾಯಿತು ಎಂದು ಒಂದು ಚೀಟಿ ಬರೆದುಕೊಟ್ಟರೆ ಎಲ್ಲರೂ ತಲೆಯಾಡಿಸುತ್ತಾರೆ ಎಂದು ಸಲಹೆ ಕೊಟ್ಟರು.

ಆ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ತಾಂತ್ರಿಕ ದೋಷ ಎಂದರೆ ಯಾರೂ ಮಾಡದ ತಪ್ಪು ಎಂದು ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಯಾರೂ ಮಾಡದ ತಪ್ಪು ಕೊನೆಗೆ ಹತ್ತಿರ ಸಿಕ್ಕವರ ತಲೆಗೆ ಅಂಟಿಕೊಳ್ಳುತ್ತದೆ. ಇಲ್ಲಿ ಹತ್ತಿರ ಇದ್ದವಳು ಮಿಲ್ಲಿ. ಮಂಗಳವಾರ ನಾನೇ ಬರುತ್ತೇನೆ ಎಂದೆ. ಬರುವಾಗ ಸರಿಪಡಿಸಿದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತೇನೆ ಎಂದೂ ಹೇಳಿದೆ. ಎರಡು ದಿನ ಇದೆ, ಸಾಕು.

ಚುಕ್ಕೆ ಕಡ್ಡಾಯ ಮಾಡಿಬಿಟ್ಟರೆ ಈ ಒಂದು ಪದ ಸರಿಹೋಗುತ್ತಿತ್ತು, ಅದು ಎರಡು ನಿಮಿಷದ ಕೆಲಸ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ನನಗೆ ಬಂದ ದೂರುಗಳೆಲ್ಲ ಒಂದೇ ಬಗೆಯವು: ಒಟ್ಟಿಗಿರಬೇಕಾದ ಮೇಲ್‌ಗಳು ಬೇರೆಯಾಗಿವೆ, ಸೇರಿಸಿ. ಬೇರೆಯಿರಬೇಕಾದವು ಸೇರಿಕೊಂಡಿವೆ ಎಂದು ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ನಾನು ಪ್ರತಿ ಸಲವೂ ಸೇರಿಸುವ ನಿಯಮವನ್ನು ಇನ್ನಷ್ಟು ಸಡಿಲ ಮಾಡುತ್ತಾ ಬಂದಿದ್ದೆ. ಈಗ ತಿಳಿಯಿತು: ಬೇರೆಯಾಗಿ ಬಿದ್ದ ಪತ್ರ ಕಣ್ಣಿಗೆ ಬೀಳುತ್ತದೆ, ಕಿರಿಕಿರಿ ಮಾಡುತ್ತದೆ, ದೂರು ಬರುತ್ತದೆ. ತಪ್ಪಾಗಿ ಸೇರಿಹೋದ ಪತ್ರ ಕಣ್ಣಿಗೇ ಬೀಳುವುದಿಲ್ಲ, ಅದರ ಪರವಾಗಿ ದೂರು ಕೊಡುವವರು ಯಾರು?

ಭಾನುವಾರ ಮಧ್ಯಾಹ್ನ ನನ್ನ ಸ್ವಂತ ಮೇಲ್ ಪೆಟ್ಟಿಗೆಯನ್ನೇ ಮಾದರಿಯಾಗಿ ಇಟ್ಟುಕೊಂಡೆ. ನಲವತ್ತೊಂದು ಸಾವಿರ ಮೇಲ್‌ಗಳಲ್ಲಿ ಬರೀ ವಿಷಯದ ಸಾಲು ನೋಡಿ ಊಹೆಯಿಂದ ಸೇರಿಸಿದವು ಮುನ್ನೂರ ಹನ್ನೆರಡು. ಒಂದೊಂದನ್ನೂ ತೆರೆದು ಓದಿದೆ. ಇನ್ನೂರ ಅರವತ್ತು ಸರಿ. ಐವತ್ತೆರಡು ತಪ್ಪು. ಐವತ್ತೆರಡರಲ್ಲಿ ಏಳು ನಾನು ಎಂದೂ ಓದೇ ಇರದವು. ಒಂದರಲ್ಲಿ ದೂರದ ಕಾಲೇಜಿನವರು ಯಾವುದೋ ಜರೀಗಿಡದ ಹಾಳೆ ಎರವಲು ಕೇಳಿ, ಉತ್ತರ ಕಾಣದೆ, ಸುಮ್ಮನಾಗಿದ್ದರು. ನಾನು ಗರ್ವಿ ಅಂದುಕೊಂಡಿರಬೇಕು.

ಕಲಿತದ್ದು ಸಸ್ಯಶಾಸ್ತ್ರ. ಎಲೆ ಒಂದೇ ಥರ ಇದೆ ಎಂದು ಎರಡು ಗಿಡವನ್ನು ಒಂದು ಕುಲಕ್ಕೆ ಸೇರಿಸಬಾರದು, ವಂಶ ನೋಡಬೇಕು ಎಂದು ಇಪ್ಪತ್ತು ವರ್ಷದಿಂದ ಬೇರೆಯವರಿಗೆ ಹೇಳಿಕೊಡುತ್ತಿದ್ದೇನೆ. ಮೇಲ್ ವಿಚಾರದಲ್ಲಿ ಮಾತ್ರ ಎಲೆ ನೋಡಿ ಸೇರಿಸುತ್ತಿದ್ದೆ.

ಸಂಜೆಯ ಹೊತ್ತಿಗೆ ಹೊಸ ನಿಯಮ ಬರೆದು ಮುಗಿಸಿದೆ. ಗುರುತಿನ ಸಂಖ್ಯೆ ಇದ್ದರೆ ಮಾತ್ರ ಸೇರಿಸು. ಇಲ್ಲದಿದ್ದರೆ ಬೇರೆಯೇ ಇಡು. ಸಾಲು ಹೋಲುತ್ತಿದ್ದರೆ ಪಕ್ಕದಲ್ಲಿ ‘ಇದಕ್ಕೆ ಸಂಬಂಧ ಇರಬಹುದು’ ಎಂದು ತೋರಿಸು, ಸೇರಿಸುವುದು ಬಿಡುವುದು ಓದುವವರ ಕೈಯಲ್ಲಿರಲಿ. ‘ಮುಗಿಯಿತು’ ಎಂದ ಸಂಭಾಷಣೆಯೊಳಗೆ ಸಂಖ್ಯೆ ಇಲ್ಲದ ಯಾವುದೂ ಸದ್ದಿಲ್ಲದೆ ಹೋಗಕೂಡದು. ಇನ್ನೂ ಒಂದು: ಹೊಸ ಆವೃತ್ತಿ ಹಾಕಿಕೊಂಡ ಕೂಡಲೇ, ಹಿಂದೆ ಊಹೆಯಿಂದ ಹೀಗೆ ಮರೆಗೆ ಹೋದ ಎಲ್ಲ ಮೇಲ್‌ಗಳೂ ಓದದ ಪತ್ರಗಳಾಗಿ ಮತ್ತೆ ಮುಂದೆ ಬರಬೇಕು. ಅದನ್ನೆಲ್ಲ, ನನ್ನ ಲೆಕ್ಕದ ಸಮೇತ, ತಪ್ಪು ಯಾರದೆಂಬ ಒಂದು ಸಾಲಿನ ಸಮೇತ, ನಮ್ಮ ಗುಂಪಿಗೆ ಕಳಿಸಿದೆ.

ಸೋಮವಾರ ಇಡೀ ದಿನ ವಾದ ನಡೆಯಿತು. ಗುಂಪಿನಲ್ಲಿ ಒಬ್ಬರಿದ್ದಾರೆ, ಹಿಂದೆ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದವರು, ಈಗ ನಿವೃತ್ತರು. ಯಾರು ಏನೇ ಬರೆಯಲಿ, ಅವರ ಉತ್ತರ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ. ಅದಕ್ಕೇ ಅವರನ್ನು ಗಡಿಯಾರ ಎಂದು ಕರೆಯುತ್ತೇವೆ. ಯಾವ ಬದಲಾವಣೆ ಹೊರಗೆ ಹೋಗಬೇಕು ಎಂಬ ಕೊನೆಯ ಮಾತು ಅವರದು. ಊಹೆಯ ನಿಯಮವೂ ಮೂಲತಃ ಅವರದೇ. ಮೂರು ಗಂಟೆಯ ಉತ್ತರದಲ್ಲಿ, ಒಂದು ಪದ ಎಡವಿತೆಂದು ಇಡೀ ಮೆಟ್ಟಿಲು ಕಿತ್ತು ಹಾಕುತ್ತೀರಾ, ನಾಳೆ ಸಾವಿರ ಜನ ನನ್ನ ಸಂಭಾಷಣೆ ಒಡೆದುಹೋಯಿತು ಎಂದು ಬಂದರೆ ಅವರಿಗೆ ನೀವು ಉತ್ತರ ಕೊಡುತ್ತೀರಾ ಎಂದು ಕೇಳಿದರು. ಕೊಡುತ್ತೇನೆ, ಸಾವಿರಕ್ಕೂ ಕೊಡುತ್ತೇನೆ, ಏಕೆಂದರೆ ಅವರು ಬಂದು ಕೇಳಬಲ್ಲರು ಎಂದು ಬರೆದೆ. ನಂಬಿಕೆ ಬರದಿದ್ದರೆ ನಿಮ್ಮ ಪೆಟ್ಟಿಗೆಯಲ್ಲೂ ಇದೇ ಲೆಕ್ಕ ಹಾಕಿ ನೋಡಿ ಎಂದು ಕೆಳಗೆ ಸೇರಿಸಿದೆ.

ಮಂಗಳವಾರ ಬೆಳಗ್ಗೆ ಆರಕ್ಕೆ ಅವರ ಉತ್ತರ ಬಂತು: “ಹಾಕಿ ನೋಡಿದೆ. ನನ್ನ ಅಣ್ಣನ ಒಂದು ಪತ್ರ ಸಿಕ್ಕಿತು, ಮೂರು ವರ್ಷ ಹಳೆಯದು, ಬೇರೆ ಯಾರದೋ ‘ಮನೆ ವಿಚಾರ’ದೊಳಗೆ ಸೇರಿಕೊಂಡಿತ್ತು. ನಾನು ಉತ್ತರ ಬರೆಯಲಿಲ್ಲ ಅಂತ ಅವನು ಮಾತು ಬಿಟ್ಟಿದ್ದ. ಬಿಡುಗಡೆ ಮಾಡಿ.”

ಹನ್ನೊಂದು ಗಂಟೆಗೆ ಹತ್ತು ನಿಮಿಷ ಇರುವಾಗ ನಾನೂ ಮಿಲ್ಲಿಯೂ ಲ್ಯಾಬಿನ ಮೆಟ್ಟಿಲು ಹತ್ತಿದೆವು. ನಿರ್ದೇಶಕಿಯ ಕೋಣೆ ಚಿಕ್ಕದು. ಒಂದು ಗೋಡೆಯ ಆಚೆ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ಟಿಗೆಗಳ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಮೇಲ್ವಿಚಾರಕ ಆಗಲೇ ಬಂದು ಕೂತಿದ್ದ, ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು ದಪ್ಪ ಮೀಸೆಯ ಒರಟನನ್ನು ಊಹಿಸಿಕೊಂಡಿದ್ದೆ. ಇವನು ತೆಳ್ಳಗಿನ, ಕಣ್ಣ ಕೆಳಗೆ ಕಪ್ಪಾದ, ನಿದ್ದೆಗೆಟ್ಟ ಮನುಷ್ಯ. ಮಿಲ್ಲಿಗೂ ಅವನಿಗೂ ನಡುವೆ ಒಂದು ಖಾಲಿ ಕುರ್ಚಿ ಇತ್ತು, ನಿರ್ದೇಶಕಿ ನನಗೆ ಅದನ್ನೇ ತೋರಿಸಿದರು.

ನಾನು ಯಾರೆಂದು ಹೇಳಿ, ನಡೆದದ್ದನ್ನು ಹೇಳಿದೆ. ಮೇಲ್ವಿಚಾರಕನಿಗೆ ಮರೆಯಾದ ಆ ಸಂಭಾಷಣೆಯನ್ನು ತೆರೆಯಲು ಹೇಳಿದೆ. ಅವನು ತೆರೆದ. ಪಕ್ಕದಲ್ಲಿ ಬೂದು ಬಣ್ಣದಲ್ಲಿ ಹದಿನೆಂಟು ಎಂಬ ಅಂಕಿ ಇತ್ತು. ಒಂದು ಮೊದಲ ವರದಿ, ಹದಿನಾಲ್ಕು ‘ಗಮನಿಸಲಾಗಿದೆ’, ಅವುಗಳ ಕೆಳಗೆ ಸೋಮವಾರದ್ದೊಂದು, ಮಂಗಳವಾರದ್ದೊಂದು, ಬುಧವಾರದ್ದೊಂದು. ಅವನು ಮೂರನ್ನೂ ಒಂದೊಂದಾಗಿ ತೆರೆದು, ತುಟಿ ಅಲ್ಲಾಡಿಸುತ್ತಾ ವೇಳೆ ಓದಿಕೊಂಡ.

ತಾನು ಹುಡುಕಿದ್ದೆ ಎಂದ. ಮಾದರಿಯ ಸಂಖ್ಯೆ ಹಾಕಿ ಹುಡುಕಿದಾಗ ಹಳೆಯದೊಂದೇ ಕಂಡಿತು ಎಂದ. ಸರಿ, ಯಾಕೆಂದರೆ ಸಂಭಾಷಣೆಗೆ ಅದರ ಮೊದಲ ಮೇಲ್‌ನ ಹೆಸರನ್ನೇ ತೋರಿಸುವಂತೆ ಮಾಡಿದ್ದವಳೂ ನಾನೇ ಎಂದೆ. ಹೊಸ ಆವೃತ್ತಿಯನ್ನು ಅವನ ಮುಂದೆಯೇ ಹಾಕಿದೆ. ಒಂದು ನಿಮಿಷ ಚಕ್ರ ತಿರುಗಿ ನಿಂತಿತು. ಮೂರು ವರದಿಗಳೂ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಓದದವಾಗಿ ಬಂದು ನಿಂತವು. ಅವುಗಳ ಜೊತೆಗೆ ಇನ್ನೂ ನಾಲ್ಕು ಬಂದವು. ಅವನು ಅವನ್ನು ನೋಡಿ ಪರದೆಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಅವು ನಮಗೆ ಸಂಬಂಧಪಟ್ಟವಲ್ಲ.

ಆಮೇಲೆ ಅವನು ನೇರವಾಗಿ ನನ್ನ ಮುಖ ನೋಡಿದ. “ಒಂಬತ್ತು ಜನ ಹೆಚ್ಚಿಗೆ ಎರಡೆರಡು ಸಲ ವ್ಯಾನ್ ಹತ್ತಿದ್ದಾರೆ. ಒಬ್ಬರಿಗೆ ಎಂಬತ್ತೊಂದು ವರ್ಷ. ಅದನ್ನ ಯಾರ ಹೆಸರಲ್ಲಿ ಬರೀಲಿ?”

“ನನ್ನ ಹೆಸರಲ್ಲಿ.”

ಅವನು ತಲೆಯಾಡಿಸಿದ. ಅದರಲ್ಲಿ ಕ್ಷಮೆಯೂ ಇರಲಿಲ್ಲ, ಕೋಪವೂ ಇರಲಿಲ್ಲ. ಒಂದು ಖಾಲಿ ಬಿಟ್ಟ ಜಾಗ ತುಂಬಿತು, ಅಷ್ಟೇ. ನನಗೂ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಆ ಎಂಬತ್ತೊಂದು ವರ್ಷದವರ ಮನೆಗೆ ಹೋಗಿ ಹೇಳಲೇ ಎಂದು ಕೇಳಿದೆ. ಅವರಿಗೆ ಇದೆಲ್ಲ ಬೇಡ, ಶುಕ್ರವಾರದಿಂದ ನಮ್ಮಲ್ಲಿಗೇ ಬರುತ್ತಿದ್ದಾರೆ, ಕಿಟಕಿ ಪಕ್ಕದ ಹಾಸಿಗೆ ಸಿಕ್ಕಿದೆ, ಖುಷಿಯಾಗಿದ್ದಾರೆ ಎಂದ.

ಮಿಲ್ಲಿ ಅವನ ಕಡೆ ತಿರುಗಿದಳು. “ನಿಮ್ಮನ್ನ ಸುಳ್ಳುಬುರುಕ ಅಂತ ಇಡೀ ಲ್ಯಾಬ್‌ಗೆ ಹೇಳಿಕೊಂಡು ಬಂದಿದ್ದೀನಿ. ಇವತ್ತು ಅಷ್ಟೂ ಜನಕ್ಕೆ ಹಾಗಲ್ಲ ಅಂತ ಹೇಳಿಕೊಂಡು ಬರ್ತೀನಿ.”

“ನಾನೂ ನಿಮ್ಮ ಬಗ್ಗೆ ಹೇಳಿದ್ದೀನಿ, ಮೇಡಂ. ನಮ್ಮದು ಐದಂತಸ್ತಿನ ಕಟ್ಟಡ. ನನಗೆ ಸ್ವಲ್ಪ ಜಾಸ್ತಿ ಟೈಮ್ ಕೊಡಿ.”

ನಿರ್ದೇಶಕಿ ನಗು ತಡೆದುಕೊಂಡು ನನ್ನ ಮುಂದೆ ಒಂದು ಹಾಳೆ ಸರಿಸಿದರು. ದೂರಿನ ಕಡತದಲ್ಲಿ ಕಾರಣ ಲಿಖಿತವಾಗಿ ಇರಬೇಕು, ಅರ್ಥವಾಗುವ ಮಾತಿನಲ್ಲಿ ಬರೆಯಿರಿ ಎಂದರು. ಬರೆದೆ. ‘ಕಳೆದ ವಾರ ಸೋಮವಾರ ಬೆಳಗ್ಗೆ ಸುಮಾರು ಹತ್ತೂಮುಕ್ಕಾಲಿಗೆ ಲ್ಯಾಬಿನಿಂದ ಹೊರಟ ಮರುಪರೀಕ್ಷಾ ವರದಿ ಆಸ್ಪತ್ರೆಗೆ ತಕ್ಷಣವೇ ತಲುಪಿದೆ. ಮೇಲ್ ತಂತ್ರಾಂಶದಲ್ಲಿ ನಾನು ಬರೆದ ಒಂದು ತಪ್ಪು ನಿಯಮ ಅದನ್ನು ಹಳೆಯ ವರದಿಗೆ ಬಂದ ಉತ್ತರವೆಂದು ಎಣಿಸಿ ಮರೆಮಾಡಿದೆ. ಕಳಿಸಿದವರದಾಗಲಿ, ಪಡೆದವರದಾಗಲಿ ತಪ್ಪಿಲ್ಲ.’ ಕೆಳಗೆ ನನ್ನ ಹೆಸರು, ಸಹಿ.

ಮಿಲ್ಲಿ ಹಾಳೆಯನ್ನು ತೆಗೆದುಕೊಂಡು, ಯಾವ ವರದಿಯನ್ನೂ ಓದುವ ಹಾಗೆ, ಬೆರಳಿಟ್ಟು ಓದಿದಳು. ಬೆರಳು ಮೊದಲ ಸಾಲಿನಲ್ಲೇ ನಿಂತಿತು.

“ಸುಮಾರು ಯಾಕೆ, ಅತ್ತಿಗೆ? ಹತ್ತು ನಲವತ್ತೆರಡು.”

ತಿದ್ದಿದೆ. ತಿದ್ದಿದ ಜಾಗದಲ್ಲಿ ಮತ್ತೆ ಸಹಿ ಹಾಕಿ ಎಂದಳು, ಹಾಕಿದೆ. ನಿರ್ದೇಶಕಿ ಹಾಳೆಯನ್ನು ಕಡತಕ್ಕೆ ಸೇರಿಸಿ, ಹಳೇ ಆದೇಶದ ಮೇಲೆ ಅಡ್ಡಗೆರೆ ಎಳೆದು ದಿನಾಂಕ ಹಾಕಿದರು. ಆಮೇಲೆ ಮೇಜಿನ ಬದಿಯಲ್ಲಿದ್ದ ವರದಿಗಳ ಕಟ್ಟನ್ನು ಮಿಲ್ಲಿಯ ಕಡೆ ತಳ್ಳಿದರು. ಗುರುವಾರದಿಂದ ಸಹಿಗೆ ಕಾದಿದ್ದವು, ಮೂವತ್ತೊಂದು. ಫೋನಿನ ಮೇಲೆ ಫೋನು ಬರುತ್ತಿದೆ, ಇಲ್ಲೇ ಕೂತು ಹಾಕಿಬಿಡಿ ಎಂದರು.

ಮಿಲ್ಲಿ ಕಟ್ಟನ್ನು ಎದೆಗವಚಿಕೊಂಡು ಎದ್ದಳು. ಬ್ಯಾಕ್ಟೀರಿಯಾ ಬೆಳೆಸುವ ಈ ತಟ್ಟೆಗಳನ್ನು ಇಷ್ಟು ದಿನ ತಾನು ಕಣ್ಣಾರೆ ಕಂಡಿಲ್ಲ, ನೋಡದೆ ಹೇಗೆ ಹಾಕಲಿ ಎಂದು ಗೊಣಗುತ್ತಾ ಪಕ್ಕದ ಕೋಣೆಗೆ ನಡೆದಳು. ಮೇಲ್ವಿಚಾರಕ ಹೊರಟುಹೋದ. ನಾನು ಬಾಗಿಲ ಬಳಿ ನಿಂತು ನೋಡಿದೆ. ಅವಳು ಪೆಟ್ಟಿಗೆ ತೆರೆದು ಮೊದಲ ಗಾಜಿನ ತಟ್ಟೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಬಿಗಿದು ಅದರಲ್ಲಿ ಬೆಳೆದ ಚುಕ್ಕೆಗಳನ್ನು ಎಣಿಸತೊಡಗಿದಳು. ಮಾತಾಡಿಸಬಾರದೆಂದು ನನಗೆ ಗೊತ್ತಿತ್ತು. ಎಣಿಸಿ ಮುಗಿಸಿ, ಇನ್ನೊಮ್ಮೆ ಎಣಿಸಿ, ಹಾಳೆಯಲ್ಲಿದ್ದ ಅಂಕಿಯ ಜೊತೆ ತಾಳೆ ನೋಡಿ, ಜೇಬಿನಿಂದ ಪೆನ್ನು ತೆಗೆದಳು.